ಸಿಮ್ಯುಲಿಂಕ್‌ನಲ್ಲಿ ಗೋಟೂ ಟ್ಯಾಗನ್ನು ಗ್ಲೋಬಲ್ ಮಾಡಿದರೆ ಏನು ತೊಂದರೆ?

ಸಿಮ್ಯುಲಿಂಕ್ ಎಂದರೆ ಬ್ಲಾಕ್‌ಗಳನ್ನು ಗೆರೆಗಳಿಂದ ಜೋಡಿಸಿ ಮಾಡೆಲ್ ಕಟ್ಟುವ ತಂತ್ರಾಂಶ. ಅದರಲ್ಲಿ ಗೋಟೂ ಬ್ಲಾಕ್ ಗೆರೆಯಿಲ್ಲದೆ ಒಂದು ಹೆಸರಿನಲ್ಲಿ (ಅದೇ ಟ್ಯಾಗ್) ಸಿಗ್ನಲ್ ಕಳಿಸುತ್ತದೆ, ಅದೇ ಹೆಸರಿನ ಫ್ರಮ್ ಬ್ಲಾಕ್ ಪಡೆಯುತ್ತದೆ. ಕೆಲವು ಬ್ಲಾಕ್‌ಗಳನ್ನು ಒಟ್ಟುಗೂಡಿಸಿದ್ದು ಸಬ್‌ಸಿಸ್ಟಮ್. ನೀವು ಕೇಳಿರುವುದು ಇಷ್ಟು: ಚಕ್ರದ ಸಬ್‌ಸಿಸ್ಟಮ್‌ನಲ್ಲಿ ವೇಗದ ಸಿಗ್ನಲ್ಲಿಗೆ ಗೋಟೂ ಬ್ಲಾಕ್ ಇಟ್ಟಿರಿ. ಅದರೊಳಗಿನ ಬ್ರೇಕ್ ಸಬ್‌ಸಿಸ್ಟಮ್‌ನಲ್ಲಿರುವ ಫ್ರಮ್ ಬ್ಲಾಕಿಗೆ ಅದು ಸಿಗಲಿಲ್ಲ. ಗ್ಲೋಬಲ್ ಮಾಡಿದಿರಿ, ಸಿಕ್ಕಿತು. ಉಳಿದ ಮೂರು ಚಕ್ರಗಳಿಗೆಂದು ಸಬ್‌ಸಿಸ್ಟಮನ್ನು ನಕಲು ಮಾಡಿದ ಕೂಡಲೇ ಎರರ್ ಬಂತು.

ನಿಮಗೆ ಬೇಕಿರುವುದು ಲೋಕಲ್, ಗ್ಲೋಬಲ್ ಎರಡೂ ಅಲ್ಲದ ಮೂರನೆಯ ಬಗೆ: ಸ್ಕೋಪ್ಡ್.

ಗೋಟೂ ಬ್ಲಾಕಿನ ಟ್ಯಾಗ್ ವಿಸಿಬಿಲಿಟಿ (ಟ್ಯಾಗ್ ಎಲ್ಲೆಲ್ಲಿ ಕಾಣಬೇಕೆಂಬ ಆಯ್ಕೆ) ತಾನಾಗಿ ಲೋಕಲ್ ಆಗಿರುತ್ತದೆ. ಆಗ ಗೋಟೂ ಮತ್ತು ಫ್ರಮ್ ಒಂದೇ ಸಬ್‌ಸಿಸ್ಟಮ್‌ನಲ್ಲಿ ಇರಬೇಕು. ಒಂದು ಹಂತ ಕೆಳಗಿದ್ದರೂ ಕಾಣುವುದಿಲ್ಲ. ಗ್ಲೋಬಲ್ ಆದರೆ ಆ ಹೆಸರು ಇಡೀ ಮಾಡೆಲ್‌ಗೆ ಒಂದೇ. ಒಂದು ಗೋಟೂ ಎಷ್ಟು ಫ್ರಮ್‌ಗಳಿಗೆ ಬೇಕಾದರೂ ಸಿಗ್ನಲ್ ಕೊಡಬಹುದು, ಆದರೆ ಒಂದು ಫ್ರಮ್ ಒಂದೇ ಗೋಟೂವಿನಿಂದ ಪಡೆಯಬಲ್ಲದು. ನಾಲ್ಕು ಚಕ್ರಗಳೂ ಒಂದೇ ಹೆಸರನ್ನು ಕೂಗಿದರೆ ಅದು ಯಾರ ಮಾತು ಕೇಳಬೇಕು? (ಗ್ಲೋಬಲ್ ಎಂದರೂ ಮಾಡೆಲ್ ರೆಫರೆನ್ಸ್‌ನ, ಅಂದರೆ ಒಂದು ಮಾಡೆಲ್‌ನೊಳಗೆ ಸೇರಿಸಿದ ಇನ್ನೊಂದು ಮಾಡೆಲ್‌ನ, ಗಡಿಯನ್ನು ಅದು ದಾಟುವುದಿಲ್ಲ, ನೆನಪಿರಲಿ.)

ಸ್ಕೋಪ್ಡ್ ಆರಿಸಿದಾಗ ಇನ್ನೊಂದು ಬ್ಲಾಕ್ ಸೇರಿಸಬೇಕು: ಗೋಟೂ ಟ್ಯಾಗ್ ವಿಸಿಬಿಲಿಟಿ. ಅನೇಕರು ಮರೆಯುವುದು ಇದನ್ನೇ. ಅದನ್ನು ಯಾವ ಸಬ್‌ಸಿಸ್ಟಮ್‌ನಲ್ಲಿ ಇಡುತ್ತೀರೋ ಅಲ್ಲಿ ಮತ್ತು ಅದರ ಕೆಳಗಿನ ಹಂತಗಳಲ್ಲಿ ಮಾತ್ರ ಆ ಟ್ಯಾಗ್ ಕಾಣುತ್ತದೆ. ಚಕ್ರದ ಸಬ್‌ಸಿಸ್ಟಮ್‌ನೊಳಗೇ ಇಟ್ಟು ನಕಲು ಮಾಡಿ. ನಾಲ್ಕರಲ್ಲೂ ಒಂದೇ ಹೆಸರಿದ್ದರೂ ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಚಕ್ರಕ್ಕೆ ಮಾಸ್ಕ್ (ಒಳಗಿನದನ್ನು ಮರೆಮಾಡಿ ತನ್ನದೇ ಡೈಲಾಗ್ ಕೊಡುವ ಹೊದಿಕೆ) ಹಾಕಿದ್ದರಂತೂ ಈ ಬ್ಲಾಕ್ ಮಾಸ್ಕ್‌ನ ಒಳಗೇ ಇರಬೇಕು, ಮೇಲಿನ ಹಂತದಲ್ಲಿಟ್ಟರೆ ಎರರ್ ಬರುತ್ತದೆ. ಅದನ್ನು ಮಾಡೆಲ್‌ನ ತುತ್ತತುದಿಯಲ್ಲಿ ಇಡುವವರೂ ಇದ್ದಾರೆ. ಹಾಗೆ ಮಾಡಿದರೆ ಗ್ಲೋಬಲ್‌ಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸವೇನೂ ಉಳಿಯುವುದಿಲ್ಲ.

ಯಾವುದು ಯಾವ ಬಗೆಯದೆಂದು ತಿಳಿಯಲು ಡೈಲಾಗ್ ತೆರೆಯಬೇಕಿಲ್ಲ. ಬ್ಲಾಕಿನ ಮೇಲೆ ಹೆಸರು ಚೌಕ ಆವರಣದಲ್ಲಿದ್ದರೆ ಲೋಕಲ್, ಪುಷ್ಪಾವರಣದಲ್ಲಿದ್ದರೆ ಸ್ಕೋಪ್ಡ್, ಬರಿದಾಗಿದ್ದರೆ ಗ್ಲೋಬಲ್.

ಚಕ್ರದಿಂದ ಹೊರಗೆ, ಎಬಿಎಸ್ ನಿಯಂತ್ರಕಕ್ಕೆ ಹೋಗಬೇಕಾದ ವೇಗದ ವಿಷಯ ಬೇರೆ. ಅದಕ್ಕೆ ಟ್ಯಾಗ್ ಬೇಡ, ಔಟ್‌ಪೋರ್ಟ್ (ಸಬ್‌ಸಿಸ್ಟಮ್‌ನಿಂದ ಸಿಗ್ನಲ್ ಹೊರಡುವ ದ್ವಾರ) ಹಾಕಿ ಗೆರೆ ಎಳೆಯಿರಿ. ಗೆರೆಗಳು ಹೆಚ್ಚಾಗಿ ಚಿತ್ರ ಕೆಡುತ್ತದೆ ಎಂದರೆ ಬಸ್ ಮಾಡಿ, ಅಂದರೆ ಹಲವು ಸಿಗ್ನಲ್‌ಗಳನ್ನು ಒಂದೇ ಗೆರೆಯಲ್ಲಿ ಕಟ್ಟಿ. ವಾಹನ ಉದ್ಯಮದವರು ಮಾಡೆಲ್ ಕಟ್ಟುವಾಗ ಪಾಲಿಸುವ ಎಂಎಬಿ ಮಾರ್ಗಸೂಚಿಯಂತೂ ನನಗಿಂತ ಕಟ್ಟುನಿಟ್ಟು: ಅದರ ಎನ್‌ಎ_0011 ನಿಯಮದಂತೆ ದತ್ತಾಂಶದ ಸಿಗ್ನಲ್‌ಗಳಿಗೆ ಲೋಕಲ್ ಟ್ಯಾಗ್ ಮಾತ್ರ. ನಿಮ್ಮ ಸಂಸ್ಥೆ ಆ ನಿಯಮವನ್ನು ಪರಿಶೀಲಿಸುವುದಾದರೆ ಸ್ಕೋಪ್ಡ್ ಕೂಡ ತಿರಸ್ಕೃತವಾಗುತ್ತದೆ. ಬ್ರೇಕ್‌ಗೂ ಇನ್‌ಪೋರ್ಟ್ ಕೊಡಬೇಕಾಗುತ್ತದೆ.

ಬದಲಾಯಿಸುವ ಮುನ್ನ ಗೋಟೂ ಬ್ಲಾಕನ್ನು ಡಬಲ್ ಕ್ಲಿಕ್ ಮಾಡಿ, ಅದಕ್ಕೆ ಜೋಡಿಯಾಗಿರುವ ಫ್ರಮ್‌ಗಳ ಪಟ್ಟಿ ಅಲ್ಲೇ ಸಿಗುತ್ತದೆ. ಬದಲಾಯಿಸಿದ ಮೇಲೆ ಕಂಟ್ರೋಲ್ ಮತ್ತು ಡಿ ಒತ್ತಿ. ಸಿಮ್ಯುಲೇಶನ್ ಓಡಿಸದೆಯೇ ಜೋಡಿ ಸಿಗದ ಟ್ಯಾಗ್‌ಗಳು ಬಯಲಾಗುತ್ತವೆ.