ಗೀಸ್‌ಬಾಖ್ ಹೋಟೆಲ್‌ಗೆ ಕಾರಿಲ್ದೆ ಹೋಗೋದು

ಸ್ವಿಟ್ಜರ್ಲೆಂಡಿನ ಬ್ರಿಯೆಂಟ್ಸ್ ಕೆರೆ ಮೇಲಿನ ಗುಡ್ಡದಲ್ಲಿ, ಫಾಲ್ಸ್ ಪಕ್ಕದಲ್ಲಿರೋ ಈ ಹೋಟೆಲ್‌ಗೆ ಜ್ಯೂರಿಕ್‌ನಿಂದ ಹೋಗೋಕೆ ಮ್ಯಾಪ್‌ನಲ್ಲಿ ಬರೀ ಕಾರ್ ರೂಟ್ ತೋರಿಸ್ತಿದೆ ಅಂದ್ರಲ್ಲ, ಬಹುಶಃ ನೀವು ಹಾಕಿರೋ ಟೈಮಿಗೆ ಬೋಟ್ ಇಲ್ಲ, ಸಂಜೆ ಬೇಗ ನಿಂತುಬಿಡತ್ತೆ, ಚಳಿಗಾಲದಲ್ಲಂತೂ ತೀರಾ ಕಮ್ಮಿ. ಮೊದಲು ಸ್ವಿಸ್ ರೈಲ್ವೆ ಆಪ್‌ನಲ್ಲಿ ಹೋಟೆಲ್ ಹೆಸರು ಬಿಟ್ಟು "ಗೀಸ್‌ಬಾಖ್ ಸೇ" ಅಂತ ಹಾಕಿ ಬೆಳಗ್ಗೆ ಹತ್ತರ ಟೈಮ್ ಕೊಟ್ಟು ನೋಡಿ, ಅದು ಕೆರೆ ದಂಡೇಲಿರೋ ಬೋಟ್ ಸ್ಟಾಪು. ಜ್ಯೂರಿಕ್‌ನಿಂದ ಟ್ರೇನಲ್ಲಿ ಇಂಟರ್‌ಲಾಕನ್ ಓಸ್ಟ್‌ಗೆ ಬನ್ನಿ, ಸ್ಟೇಷನ್ ಹಿಂದೇನೇ ಬೋಟ್ ಸಿಗತ್ತೆ, ಟೈಮ್ ಹೊಂದದಿದ್ರೆ ಕೆರೆಯ ಆ ತುದೀಲಿರೋ ಬ್ರಿಯೆಂಟ್ಸ್ ಊರಿನವರೆಗೂ ಟ್ರೇನಲ್ಲೇ ಹೋಗಿ ಅಲ್ಲಿಂದ ಬೋಟ್ ಹತ್ತಿ, ಹತ್ತು ನಿಮಿಷದ ದಾರಿ ಅಷ್ಟೆ. ಸ್ವಿಸ್ ಟ್ರಾವೆಲ್ ಪಾಸ್ (ಟ್ರೇನು, ಬಸ್ಸು, ಬೋಟಿಗೆಲ್ಲ ನಡೆಯೋ ಪ್ರವಾಸಿಗರ ಪಾಸು) ಇದ್ರೆ ಬೋಟಿಗೆ ಬೇರೆ ದುಡ್ಡಿಲ್ಲ.

ಇಳಿದ ಕಡೆಯಿಂದ ಹೋಟೆಲ್‌ವರೆಗೂ ಹಗ್ಗದ ರೈಲಿದೆ, 1879ರದ್ದು, ಕೆಂಪು ಡಬ್ಬಿ, ಸೂಟ್‌ಕೇಸ್ ಹೊತ್ಕೊಂಡು ಗುಡ್ಡ ಹತ್ತೋ ಕರ್ಮ ಇಲ್ಲ. ಅದರ ಕೊನೇ ಟ್ರಿಪ್ ಎಷ್ಟೊತ್ತಿಗೆ ಅಂತ ಹೋಟೆಲ್‌ಗೆ ಈಗ್ಲೇ ಮೇಲ್ ಹಾಕಿ ಕೇಳಿ, ಅದೇ ಮೇಲಲ್ಲಿ ರೂಮ್ ಫಾಲ್ಸ್ ಕಡೇದಾ ಕೆರೆ ಕಡೇದಾ ಅಂತಾನೂ ಕೇಳ್ಬಿಡಿ, ಮಳೆಗಾಲದ ಜೋಗದ ಥರ ರಾತ್ರಿಯೆಲ್ಲ ಭೋರ್ ಅಂತಿದ್ರೂ ನಿದ್ದೆ ಬರತ್ತೆ ಅನ್ನೋರು ಮಾತ್ರ ಫಾಲ್ಸ್ ಕಡೆ ತಗೊಳ್ಳಿ.

ಹೋಟೆಲ್‌ನೋರು ಪರಿಸರಸ್ನೇಹಿ ಅಂತ ಹೇಳ್ಕೊಳ್ಳೋದು ಬರೀ ಬೋರ್ಡಾ ಅಂತ ಕೇಳಿದ್ರಿ. 1983ರಲ್ಲಿ ಆ ಕಟ್ಟಡ ಕೆಡವೋದನ್ನ ತಪ್ಪಿಸಿದ್ದೇ ಫ್ರಾಂಜ್ ವೇಬರ್ ಅನ್ನೋ ಪರಿಸರ ಹೋರಾಟಗಾರ, ಹಾಗಾಗಿ ನಂಗೇನೋ ನಂಬಿಕೆ ಇದೆ.