ತೋಟದ ದಾರಿಯಲ್ಲಿ ಜೀಪಿನ ಹೊಟ್ಟೆ ತಾಗುತ್ತಿದೆ, ಊರಿನ ವೆಲ್ಡಿಂಗ್ ಶಾಪಿನಲ್ಲೇ ಸ್ಕಿಡ್ ಪ್ಲೇಟ್ ಮಾಡಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಹಳೆ ಥಾರ್ ಜೀಪು ಇದೆ, ಮನೆಯಿಂದ ತೋಟಕ್ಕೆ ಇಳಿಯುವಾಗ ಹೊಟ್ಟೆ ಕಲ್ಲಿಗೆ ತಾಗುತ್ತದೆ, ರೆಡಿಮೇಡ್ ಸ್ಕಿಡ್ ಪ್ಲೇಟ್ (ಹೊಟ್ಟೆ ಕಾಯುವ ಲೋಹದ ತಗಡು) ದುಬಾರಿ, ಊರಲ್ಲೇ ಮಾಡಿಸಿದರೆ ಎಷ್ಟು ಎಂಎಂ ಶೀಟ್ ಹಾಕಬೇಕು?

ಮಾಡಿಸಬಹುದು. ಎಂಎಂ ಲೆಕ್ಕ ಆಮೇಲೆ ಹೇಳುತ್ತೇನೆ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಆದರೆ ಪ್ಲೇಟ್ ಕೈಕೊಡುವುದು ದಪ್ಪ ಕಡಿಮೆಯಾಗಿ ಅಲ್ಲ. ಅಂಚು ಮತ್ತು ಬೋಲ್ಟಿನಲ್ಲಿ. ನಾನು ಕೈ ಸುಟ್ಟುಕೊಂಡು ಕಲಿತದ್ದು.

ನಾನು ಹೊಸನಗರದ ಕಡೆಯವನು. ನಮ್ಮ ತೋಟದ ದಾರಿಯೂ ನಿಮ್ಮದರ ಹಾಗೇ. ಜಂಬಿಟ್ಟಿಗೆ ನೆಲ. ಒಂದು ಮಳೆಗಾಲ ಕಳೆದರೆ ಗಾಲಿ ಜಾಡು ಎರಡೂ ಮೊಣಕಾಲುದ್ದ ಕೊರೆದಿರುತ್ತದೆ, ನಡುವಿನ ದಿಬ್ಬ ಮಾತ್ರ ಹಾಗೇ ನಿಂತಿರುತ್ತದೆ. ಗಾಲಿ ಹೊಂಡದಲ್ಲಿ, ಹೊಟ್ಟೆ ದಿಬ್ಬದ ಮೇಲೆ. ಒಂದು ವರ್ಷ ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಹೀಗೇ ಎಂಜಿನ್ ಅಡಿಯ ಆಯಿಲ್ ಚೇಂಬರ್ ಒಡೆದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಕೆಂಪು ದಾರಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ. ಪುಣ್ಯಕ್ಕೆ ಕೂಡಲೇ ಎಂಜಿನ್ ಆಫ್ ಮಾಡಿದೆ.

ಮರುವಾರವೇ ಪ್ಲೇಟ್ ಮಾಡಿಸಿದೆ. ಗೇಟು, ಗ್ರಿಲ್ಲು ಮಾಡುವ ಸಣ್ಣ ಶಾಪು. 3 ಎಂಎಂ ಶೀಟು, ಚಪ್ಪಟೆ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ನೋಡಲು ಭಾರಿ ಚೆಂದ. ಒಂದು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಒಂದು ದಿನ ಏರಿನಲ್ಲಿ ಹತ್ತದೆ ರಿವರ್ಸ್ ಬಂದೆ ನೋಡಿ, ಪ್ಲೇಟಿನ ಹಿಂದಿನ ಅಂಚು ನೇಗಿಲ ಗುಳದ ಹಾಗೆ ಮಣ್ಣಿಗೆ ಇಳಿಯಿತು. ಪ್ಲೇಟು ಮಡಚಿ ಮೇಲೆ ಹೋಗಿ ಚೇಂಬರಿಗೇ ಒತ್ತಿಕೊಂಡಿತು. ಕಾಪಾಡಬೇಕಾದದ್ದೇ ಕುತ್ತಿಗೆಗೆ ಬಂತು. ಬಿಚ್ಚೋಣ ಅಂದರೆ ಬೋಲ್ಟಿನ ತಲೆಗಳು ಕಲ್ಲಿಗೆ ಉಜ್ಜಿ ಉಜ್ಜಿ ಗುಂಡಗಾಗಿದ್ದವು, ಸ್ಪ್ಯಾನರ್ ಹಿಡಿಯುವುದೇ ಇಲ್ಲ. ಮಳೆ ಬೇರೆ. ಮಲಗಿದ್ದು ಕೆಸರಲ್ಲಿ, ಕಾಲಿಗೆ ಉಂಬಳ. ಕೊನೆಗೆ ಮನೆವರೆಗೆ ಎಳೆಸಿಕೊಂಡು ಹೋಗಿ ಗ್ರೈಂಡರ್‌ನಲ್ಲಿ ನಾಲ್ಕೂ ಬೋಲ್ಟ್ ಕತ್ತರಿಸಿದ್ದಾಯಿತು.

ಅಲ್ಲಿಂದ ಅರ್ಥವಾದದ್ದು: ಈ ಪ್ಲೇಟಿನ ಕೆಲಸ ಕಲ್ಲಿನ ಪೆಟ್ಟನ್ನು ತಡೆದು ನಿಲ್ಲುವುದಲ್ಲ, ಗಾಡಿಯನ್ನು ಕಲ್ಲಿನ ಮೇಲೆ ಜಾರಿಸುವುದು. ಹಾಗಾಗಿ ಮುಂದಿನ ಅಂಚು ಮೇಲೆ ಬಾಗಿರಬೇಕು, ಹಿಂದಿನದೂ ಬಾಗಿರಬೇಕು. ಹಿಂದಿನದಕ್ಕೆ ಎರಡು ಇಂಚು ಬಾಗು ಕೊಟ್ಟರೂ ಸಾಕು, ರಿವರ್ಸಿನಲ್ಲಿ ಕಚ್ಚುವುದಿಲ್ಲ. ಎಂಜಿನ್‌ಗೆ ಒಂದು, ಗೇರ್ ಬಾಕ್ಸ್‌ಗೆ ಒಂದು ಅಂತ ಎರಡು ಪ್ಲೇಟ್ ಮಾಡುವುದಾದರೆ ಹೆಂಚು ಹೊದಿಸಿದ ಹಾಗೆ ಜೋಡಿಸಿ. ಮುಂದಿನ ಪ್ಲೇಟಿನ ಬಾಲ ಹಿಂದಿನ ಪ್ಲೇಟಿನ ತಲೆಯನ್ನು ಕೆಳಗಿನಿಂದ ಮುಚ್ಚಬೇಕು. ಉಲ್ಟಾ ಆದರೆ ಕಲ್ಲು ಸೀದಾ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಬೋಲ್ಟಿನ ತಲೆಗೆ ಒಂದು ಸುಲಭದ ದಾರಿ ಇದೆ. ತಲೆಯ ಎರಡೂ ಪಕ್ಕಕ್ಕೆ, ಗಾಡಿ ಹೋಗುವ ದಿಕ್ಕಿನಲ್ಲೇ, ಗೇಣುದ್ದದ 12 ಎಂಎಂ ಸರಳಿನ ತುಂಡು ವೆಲ್ಡ್ ಮಾಡಿಸಿ. ಕಟ್ಟಡದಲ್ಲಿ ಉಳಿದ ಸರಳಾದರೂ ನಡೆಯುತ್ತದೆ. ತುದಿಗಳನ್ನು ಇಳಿಜಾರಾಗಿ ಉಜ್ಜಿಸಿ. 10 ಎಂಎಂ ಬೋಲ್ಟಿನ ತಲೆ ಸುಮಾರು 6.5 ಎಂಎಂ ಎತ್ತರ, ವಾಷರ್ ಸೇರಿದರೆ 8.5 ಆಸುಪಾಸು. ಅಂದರೆ ಕಲ್ಲು ಮೊದಲು ಸರಳಿಗೆ ತಾಗುತ್ತದೆ, ತಲೆ ಉಳಿಯುತ್ತದೆ. ಚಪ್ಪಟೆ ತಲೆಯ, ನಡುವೆ ಆರು ಮೂಲೆಯ ತೂತಿರುವ ಅಲೆನ್ ಬೋಲ್ಟ್ ಹಾಕಿ ಅಂತ ಕೆಲವರು ಹೇಳುತ್ತಾರೆ. ನೋಡಲು ನೀಟು, ಆದರೆ ಆ ತೂತಿನಲ್ಲಿ ನಮ್ಮ ಕೆಂಪು ಮಣ್ಣು ಕೂತು ಸಿಮೆಂಟ್ ಆಗುತ್ತದೆ. ಮೊಳೆ ಹಿಡಿದು ಕೆರೆಯುತ್ತಾ ಕೂರುವ ತಾಳ್ಮೆ ನನಗಿಲ್ಲ. ತಲೆಯ ಮೇಲೆ 8.8 ಅಂತ (ಅದು ಗಟ್ಟಿತನದ ಗುರುತು) ಬರೆದಿರುವ ಬೋಲ್ಟನ್ನೇ ಕೇಳಿ ತನ್ನಿ, ಗ್ರೀಸ್ ಸವರಿ ಹಾಕಿ. ಪ್ಲೇಟಿನಲ್ಲಿ ದುಂಡು ತೂತಿನ ಬದಲು ಸ್ವಲ್ಪ ಉದ್ದನೆ ತೂತು ಮಾಡಿಸಿ. ಒಂದೆರಡು ಪೆಟ್ಟು ತಿಂದ ಮೇಲೆ ಪ್ಲೇಟು ಅಷ್ಟಿಷ್ಟು ಸೊಟ್ಟಗಾಗಿಯೇ ಆಗುತ್ತದೆ, ಆಗ ತಿರುಗಿ ಕೂರಿಸಲು ಜಾಗ ಬೇಕಲ್ವಾ?

ಎಲ್ಲಿಗೆ ಬಿಗಿಯಬೇಕು ಅನ್ನುವುದು ಇನ್ನೊಂದು. ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಅಥವಾ ಅದರ ಗಟ್ಟಿ ಅಡ್ಡಪಟ್ಟಿಯಾದ ಕ್ರಾಸ್ ಮೆಂಬರಿಗೆ ಮಾತ್ರ. ಎಂಜಿನ್, ಗೇರ್ ಬಾಕ್ಸ್ ರಬ್ಬರ್ ಮೌಂಟಿಂಗ್ ಮೇಲೆ ಕೂತು ಅಲ್ಲಾಡುವಂಥವು, ಅವಕ್ಕೆ ಸಿಕ್ಕಿಸಿದರೆ ಕಲ್ಲಿನ ಪೆಟ್ಟು ನೇರ ಅಲ್ಲಿಗೇ ಹೋಗುತ್ತದೆ. ಅದೇ ಕಾರಣಕ್ಕೆ ಚೇಂಬರಿಗೂ ಪ್ಲೇಟಿಗೂ ನಡುವೆ ಒಂದು ಇಂಚಾದರೂ ಖಾಲಿ ಬಿಡಿ. ಚಾಸಿಯಲ್ಲಿ ಕಂಪನಿ ಬಿಟ್ಟ ತೂತುಗಳನ್ನೇ ಹುಡುಕಿ, ಆಂಗ್ಲರ್ (L ಆಕಾರದ ಕಬ್ಬಿಣದ ಪಟ್ಟಿ) ತುಂಡಿನಲ್ಲಿ ಬ್ರ್ಯಾಕೆಟ್ ಮಾಡಿಸಿ ಅಲ್ಲಿಗೆ ಬೋಲ್ಟ್ ಹಾಕಿ. ಚಾಸಿಗೇ ವೆಲ್ಡ್ ಹೊಡೆಯೋಣ ಅಂದರೆ ಬೇಡ ಅನ್ನಿ. ಬ್ರ್ಯಾಕೆಟನ್ನೂ ಗಾಡಿಯಿಂದ ಬಿಚ್ಚಿ ಕೆಳಗಿಟ್ಟೇ ವೆಲ್ಡ್ ಮಾಡಿಸಿ. ಗಾಡಿಯ ಮೇಲೆಯೇ ಒಂದು ಟ್ಯಾಕ್ (ಚುಕ್ಕಿ ವೆಲ್ಡ್) ಹೊಡೆಯಲೇಬೇಕಾದರೆ ಮೊದಲು ಬ್ಯಾಟರಿ ಟರ್ಮಿನಲ್ ತೆಗೆಯಿರಿ. ನಿಮ್ಮದು ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಎಂಜಿನ್ ಆದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇರುತ್ತದೆ, ಅದು ಹೋದರೆ ಪ್ಲೇಟಿನ ದುಡ್ಡು ಲೆಕ್ಕಕ್ಕೇ ಇಲ್ಲ.

ಈಗ ದಪ್ಪ. ಕಬ್ಬಿಣದ ಶೀಟು ಒಂದು ಚದರ ಮೀಟರಿಗೆ, ಒಂದು ಎಂಎಂ ದಪ್ಪಕ್ಕೆ ಹೆಚ್ಚುಕಡಿಮೆ 7.85 ಕೆಜಿ ತೂಗುತ್ತದೆ. 3 ಅಡಿಗೆ 2 ಅಡಿ ಪ್ಲೇಟ್ ಅಂದುಕೊಳ್ಳಿ. 4 ಎಂಎಂ ಆದರೆ ಹದಿನೇಳೂವರೆ ಕೆಜಿ, 5 ಎಂಎಂ ಆದರೆ 22. ನಾನು ಈಗ ಹಾಕಿರುವುದು 4 ಎಂಎಂ ಎಂಎಸ್ (ಮಾಮೂಲಿ ಕಬ್ಬಿಣದ) ಪ್ಲೇಟು, ಪಕ್ಕದ ಅಂಚುಗಳನ್ನು ಒಂದೊಂದು ಇಂಚು ಮಡಚಿ, ಮೇಲ್ಭಾಗಕ್ಕೆ ಉದ್ದಕ್ಕೆ ಎರಡು ಆಂಗ್ಲರ್ ಪಟ್ಟಿ ಕೊಟ್ಟಿದ್ದೇನೆ. ಮಡಚಿದ 4 ಎಂಎಂ ಮುಂದೆ ಚಪ್ಪಟೆ 6 ಎಂಎಂ ಏನೂ ಅಲ್ಲ. ಪಟ್ಟಿಯನ್ನು ಉದ್ದಕ್ಕೂ ಒಂದೇ ಸಮನೆ ವೆಲ್ಡ್ ಮಾಡಿದರೆ ಶಾಖಕ್ಕೆ ಪ್ಲೇಟು ಹಪ್ಪಳದ ಹಾಗೆ ಸೆಟೆಯುತ್ತದೆ, ಬಿಟ್ಟು ಬಿಟ್ಟು ಹೊಡೆಯಲು ಹೇಳಿ.

ಇಷ್ಟು ದಪ್ಪದ್ದನ್ನು ಸುತ್ತಿಗೆಯಲ್ಲಿ ಬಾಗಿಸಲು ಆಗುವುದಿಲ್ಲ. ಶಿವಮೊಗ್ಗಕ್ಕೆ ಹೋಗುವ ಕೆಲಸ ಇದ್ದರೆ ಬೆಂಡಿಂಗ್ ಮಶೀನ್ ಇರುವ ವರ್ಕ್‌ಶಾಪ್ ಹುಡುಕಿ. ಇಲ್ಲವಾದರೆ ಮಡಿಕೆಯ ಒಳಬದಿಗೆ ಗ್ರೈಂಡರ್‌ನಲ್ಲಿ ಅರ್ಧ ದಪ್ಪದಷ್ಟು ಗೀರಿ, ಬಾಗಿಸಿ, ಗೀರಿದಲ್ಲಿ ಪೂರ್ತಿ ವೆಲ್ಡ್ ತುಂಬಿಸಿ. ಅಲ್ಯೂಮಿನಿಯಂ ಹಗುರ, ಇದೇ ಅಳತೆಗೆ 6 ಎಂಎಂ ಹಾಕಿದರೂ 9 ಕೆಜಿ ಅಷ್ಟೇ. ಆದರೆ ಮಾಮೂಲಿ ಆರ್ಕ್ ವೆಲ್ಡಿಂಗ್ ಶಾಪಿನಲ್ಲಿ ಅದರ ಕೆಲಸ ಆಗುವುದಿಲ್ಲ, ಚೂಪು ಕಲ್ಲಿಗೆ ಕೆತ್ತಿಯೂ ಹೋಗುತ್ತದೆ. ನಮ್ಮ ಕೆಲಸಕ್ಕೆ ಕಬ್ಬಿಣವೇ ಸರಿ. ಶಾಪಿನವರು ಲಾರಿ ನೆಲಕ್ಕೆ ಹಾಕುವ ಚೆಕರ್ಡ್ ಪ್ಲೇಟ್ ಉಳಿದಿದೆ ಅಂತ ತೋರಿಸಬಹುದು. ಅದರ ಉಬ್ಬು ಕಾಲು ಜಾರದಿರಲಿ ಅಂತ ಇರುವುದು, ನಮಗೆ ಬೇಕಾದದ್ದು ಜಾರುವುದು. ಸತು ಲೇಪಿಸಿದ ಜಿಐ ಶೀಟೂ ಬೇಡ, ವೆಲ್ಡ್ ಮಾಡುವಾಗ ಬರುವ ಸತುವಿನ ಹೊಗೆ ಒಳ್ಳೆಯದಲ್ಲ.

ಆಯಿಲ್ ಬಿಡುವ ಬೋಲ್ಟಿನ ನೇರಕ್ಕೆ ದೊಡ್ಡ ತೂತು ಇರಲಿ, ಕೈ ಸಮೇತ ಹೋಗುವಷ್ಟು. ಕೆಸರು ಇಳಿಯಲು, ಗಾಳಿ ಆಡಲು ಇನ್ನೂ ನಾಲ್ಕಾರು ಬೇಕು, ಮೂಲೆಗಳು ದುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ಮಳೆಗಾಲದಲ್ಲಿ ಮೇಲೆ ಕೆಸರು ತುಂಬಿ ತುಕ್ಕು ಹಿಡಿಯುತ್ತದೆ, ಅದಕ್ಕೆ ತುಕ್ಕು ತಡೆಯುವ ರೆಡಾಕ್ಸೈಡ್ ಬಣ್ಣ ಬಳಿದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದರೆ ಸಾಕು. ಬೇಸಿಗೆಯದು ಬೇರೆ ಕಥೆ. ಮಾರ್ಚ್ ತಿಂಗಳಲ್ಲಿ ಸೊಪ್ಪಿನ ಬೆಟ್ಟದ ದಾರಿಯಲ್ಲಿ ಬರುವಾಗ ನನಗೆ ಸುಟ್ಟ ವಾಸನೆ ಬಂತು. ಇಳಿದು ಬಗ್ಗಿ ನೋಡಿದರೆ ಪ್ಲೇಟಿನ ಮೇಲೆ ಒಂದು ಬುಟ್ಟಿ ದರಗು (ಒಣ ಎಲೆ), ಸೈಲೆನ್ಸರ್ ಪೈಪಿಗೆ ತಾಗಿ ಹೊಗೆಯಾಡುತ್ತಿತ್ತು. ಕ್ಯಾನಿನಲ್ಲಿ ನೀರಿತ್ತು, ಬಚಾವ್. ಅದಾದ ಮೇಲೆ ಪೈಪಿನ ಕೆಳಗೆ ಬರುವ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಸಿದೆ. ನೀವು ಮೊದಲೇ ಆ ಜಾಗ ಬಿಟ್ಟು ಮಾಡಿಸಿ.

ಅಳತೆಗೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಒಳ್ಳೆಯದು. ನಾನು ಮೊದಲು ದೊಡ್ಡ ಬುದ್ಧಿವಂತನ ಹಾಗೆ ಹಸಿ ಅಡಿಕೆ ಹಾಳೆ ಜೋಡಿಸಿ ಅಳತೆ ತೆಗೆದೆ, ಚೆನ್ನಾಗಿ ಬಾಗುತ್ತದೆ ಅಂತ. ವೆಲ್ಡಿಂಗ್ ಶಾಪ್ ಮುಟ್ಟುವಷ್ಟರಲ್ಲಿ ಒಣಗಿ ಸುರುಳಿ ಸುತ್ತಿತ್ತು. ಗಾಡಿ ಕೆಳಗೆ ಮಲಗುವಾಗ ಬರೀ ಜಾಕ್ ನಂಬಬೇಡಿ ಮಾರಾಯ್ರೆ. ಜಂಬಿಟ್ಟಿಗೆ ಕಲ್ಲು ಪೇರಿಸಿಯೂ ಬೇಡ, ಭಾರಕ್ಕೆ ಯಾವಾಗ ಪುಡಿಯಾಗುತ್ತದೋ ಹೇಳಲಾಗದು. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ ಕೊಡಿ. ರಟ್ಟು ಹಿಡಿದು ನೋಡುವಾಗ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ರಾಡ್ ತಾಗುತ್ತದಾ ನೋಡಿ. ಹಾಕಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ಕೆಲಸ ಮುಗಿದ ಮೇಲೆ ಆ ರಟ್ಟು ಎಸೆಯಬೇಡಿ, ಅಟ್ಟದ ಮೇಲಿಡಿ. ನನ್ನದು ಇಬ್ಬರು ನೆರೆಯವರ ಜೀಪಿಗೆ ಹೋಗಿ ಬಂದಿದೆ, ಮೂರನೆಯವರ ಮನೆಯಿಂದ ಇನ್ನೂ ವಾಪಸ್ ಬಂದಿಲ್ಲ.