ರಾಡ್ ಎತ್ತಬೇಡಿ, ಲೈನ್ ಎಳೆಯಿರಿ

ಗ್ವಾಟೆಮಾಲಾದಲ್ಲಿ ಸೈಲ್‌ಫಿಶ್ (ಚೂಪು ಮೂತಿಯ ದೊಡ್ಡ ಕಡಲ ಮೀನು) ಫ್ಲೈ (ಗಾಳಕ್ಕೆ ಕಟ್ಟಿದ ಹಗುರ ಹುಸಿ ಮೇವು) ಕಚ್ಚಿದರೂ ಗಾಳ ನಿಲ್ಲುತ್ತಿಲ್ಲ ಅಂದಿರಿ. ಬಹುಮಟ್ಟಿಗೆ ಎಡವಟ್ಟಾಗುವುದು ಎಸೆತದಲ್ಲೇ. ಮೂತಿಯ ಮುಂದೆ ಎಸೆದರೆ ಮೀನು ನಿಮ್ಮತ್ತಲೇ ಬರುತ್ತಾ ಕಚ್ಚುತ್ತದೆ. ಎಳೆದಾಗ ಗಾಳ ಬಾಯಿಂದ ಜಾರಿ ಬರುತ್ತದೆ. ದೋಣಿಯ ಎಂಜಿನ್ ನ್ಯೂಟ್ರಲ್ ಆಗಿ, ಟೀಸರನ್ನು (ಮೀನನ್ನು ಹತ್ತಿರ ಸೆಳೆಯುವ, ಗಾಳವಿಲ್ಲದ ಹುಸಿ ಮೇವನ್ನು) ನೀರಿನಿಂದ ಕಿತ್ತ ಕ್ಷಣವೇ ಫ್ಲೈಯನ್ನು ಮೀನಿನ ಪಕ್ಕಕ್ಕೆ, ಕಣ್ಣಿಗಿಂತ ತುಸು ಹಿಂದೆ ಬೀಳಿಸಿ. ತಿರುಗಿ ಕಚ್ಚಿದರೆ ಗಾಳ ದವಡೆಯ ಮೂಲೆಯಲ್ಲಿ ಕೂರುತ್ತದೆ. ಆಗ ರಾಡಿನ ತುದಿ ಕೆಳಗೇ ಇರಲಿ, ಲೈನ್ ಹಿಡಿದ ಕೈಯಿಂದ ಎರಡು ಮೂರು ಸಲ ಬಿಗಿಯಾಗಿ ಎಳೆಯಿರಿ. ಟ್ರೌಟ್ ಹಿಡಿಯುವವರ ಅಭ್ಯಾಸದಂತೆ ರಾಡ್ ಎತ್ತಿದರೆ 12 ವೇಟಿನಂಥ ಗಟ್ಟಿ ರಾಡ್ ಕೂಡ ಬಾಗುತ್ತದಷ್ಟೇ, ಬಲ ಗಾಳಕ್ಕೆ ತಲುಪದು. ಮೀನು ಓಡುವಾಗ ಡ್ರ್ಯಾಗ್ (ರೀಲಿನ ಬ್ರೇಕ್) ಬಿಗಿಮಾಡಬೇಡಿ: ನೀರಲ್ಲಿ ಬಿಲ್ಲಿನಂತೆ ಬಾಗಿದ ಲೈನಿನ ಎಳೆತಕ್ಕೇ 20 ಪೌಂಡ್ ತಾಳುವ ಟಿಪೆಟ್ (ಲೈನಿನ ತುದಿಯ ತೆಳು ದಾರ) ಪಟ್ಟನೆ ಹರಿದೀತು. ಮೀನು ಹಾರಿದಾಗ ರಾಡನ್ನು ಅದರತ್ತ ಚಾಚಿ ಸಡಿಲ ಕೊಡಿ.